ಚಿಲ್ಲರೆ ಹಣ: ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು

ಪೀಣ್ಯದ ಕಾರ್ಖಾನೆ ಬಿಟ್ಟು ಬೊಮ್ಮಸಂದ್ರಕ್ಕೆ, ಅಲ್ಲಿಂದ ಹೆಬ್ಬಗೋಡಿಯ ಗಾರ್ಮೆಂಟ್ಸ್‌ಗೆ ಹೋಗುವವರಿದ್ದಾರೆ. ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನಿಂದ ಎಲೆಕ್ಟ್ರಾನಿಕ್ ಸಿಟಿಯ ಇನ್ನೊಂದಕ್ಕೆ ಜಿಗಿಯುವವರಿದ್ದಾರೆ. ಪ್ರತಿ ಸಲವೂ ಹಿಂದೆ ಒಂದಿಷ್ಟು ಹಣ ಉಳಿದುಬಿಡುತ್ತದೆ: ಎಂಟು ತಿಂಗಳ ಪಿಎಫ್, ಹಳೆಯ ಸಂಬಳದ ಖಾತೆಯಲ್ಲಿ ಸಾವಿರವೋ ಎರಡು ಸಾವಿರವೋ, ಯಾವುದೋ ಆ್ಯಪ್‌ನಲ್ಲಿ ಚೂರು ಬಿಟ್‌ಕಾಯಿನ್. ಪಿಎಫ್ ಮಾತು ಬಂದಾಗ “ಅದೇನು ಮಹಾ, ಬಿಡಿ ಸಾರ್” ಎನ್ನುವವರೇ ಬಿಎಂಟಿಸಿ ಬಸ್ಸಿನಲ್ಲಿ ಕೂತು ಪುಕ್ಕಟೆ ಕ್ರಿಪ್ಟೊ ಆಸೆಗೆ ಮೊಬೈಲ್ ಪರದೆಯ ನಾಣ್ಯವನ್ನು ಬಿಡದೆ ಒತ್ತುತ್ತಿರುತ್ತಾರೆ. ತಮ್ಮದಾದದ್ದನ್ನು ಬಿಟ್ಟು ತಮ್ಮದಲ್ಲದ್ದರ ಬೆನ್ನು ಹತ್ತುವ ಈ ಲೆಕ್ಕಾಚಾರ ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮೊತ್ತ ಎಷ್ಟು ಸಣ್ಣದು ಎನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಎರಡು. ಅದು ನನ್ನ ಹಕ್ಕಿನ ಹಣವೇ? ಅದನ್ನು ಕೈಗೆ ತಂದುಕೊಳ್ಳಲು ತಗಲುವ ಖರ್ಚೆಷ್ಟು?

ತಪ್ಪು ಕಲ್ಪನೆ: ಹನಿ ಹನಿ ಕೂಡಿದರೆ ಹಳ್ಳ, ಹಾಗಾಗಿ ಯಾವ ಹನಿಯನ್ನೂ ಬಿಡಬಾರದು

ಗಾದೆ ನಿಜ ಎಂಬುದನ್ನು ಕರ್ನಾಟಕ ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದೆ. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಅವರು ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಅಂದರೆ ರೂಪಾಯಿಯ ಎಂಟನೇ ಒಂದು ಭಾಗ. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಪಿಗ್ಮಿ ಎಂಬ ಮಾತು ಮಾತ್ರ ಅಳಿದಿಲ್ಲ. ಪಿಗ್ಮಿ ಕಲೆಕ್ಷನ್‌ನವರು ಇಂದಿಗೂ ಸಹಕಾರ ಸಂಘಗಳ ಪರವಾಗಿ ಟೀ ಅಂಗಡಿ, ಹಾರ್ಡ್‌ವೇರ್ ಅಂಗಡಿಗಳನ್ನು ಸುತ್ತುತ್ತಾರೆ.

ಪಿಗ್ಮಿ ಗೆದ್ದದ್ದು ಹೇಗೆ ಎಂಬುದನ್ನು ಮಾತ್ರ ನಾವು ಗಮನಿಸುವುದಿಲ್ಲ. ಎರಡಾಣೆ ಕಟ್ಟಲು ನೇಕಾರನೊಬ್ಬ ಮಗ್ಗ ನಿಲ್ಲಿಸಿ ಬ್ಯಾಂಕಿಗೆ ನಡೆದು ಹೋಗಬೇಕಾಗಿದ್ದರೆ ಅವನಿಗೆ ಆಗುವ ಕೂಲಿ ನಷ್ಟವೇ ಎರಡಾಣೆ ದಾಟುತ್ತಿತ್ತು. ಏಜೆಂಟನೇ ಮನೆ ಬಾಗಿಲಿಗೆ ಬಂದ. ಒಂದೇ ಬೀದಿಯಲ್ಲಿ ಹತ್ತಾರು ಮನೆಗಳಿಂದ ವಸೂಲು ಮಾಡಿದ. ಅವನ ಕಮಿಷನ್ ಅಷ್ಟೂ ಮನೆಗಳಿಗೆ ಹಂಚಿಹೋಯಿತು. ಸಣ್ಣ ಹಣ ದೊಡ್ಡದಾದದ್ದು ಕೂಡಿಸುವ ಖರ್ಚನ್ನು ಯಾರೋ ತಲೆ ಓಡಿಸಿ ಇಳಿಸಿದ್ದರಿಂದ. ಆ ಖರ್ಚು ಇಳಿಯದ ಕಡೆ ಹನಿಗಳು ಹಳ್ಳ ಸೇರುವ ಮೊದಲೇ ಇಂಗಿಹೋಗುತ್ತವೆ.

ತಪ್ಪು ಕಲ್ಪನೆ: ಏಳೆಂಟು ತಿಂಗಳ ಪಿಎಫ್‌ಗೆ ಯಾರು ಅಲೆಯುತ್ತಾರೆ?

ಲೆಕ್ಕ ಹಾಕಿಯೇ ನೋಡೋಣ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 12,000 ರೂಪಾಯಿ ಎಂದಿಟ್ಟುಕೊಳ್ಳಿ. ಕಾರ್ಮಿಕರ ಪಾಲು ಶೇ 12, ಅಂದರೆ 1,440. ಮಾಲೀಕರೂ ಅಷ್ಟೇ ಕಟ್ಟುತ್ತಾರೆ. ಆದರೆ ಅದರಲ್ಲಿ ಶೇ 8.33, ಹೆಚ್ಚುಕಡಿಮೆ 1,000 ರೂಪಾಯಿ, ಪಿಂಚಣಿ ನಿಧಿಗೆ ಹೋಗುತ್ತದೆ. ಉಳಿದ ಶೇ 3.67, ಸುಮಾರು 440, ಪಿಎಫ್‌ಗೆ ಸೇರುತ್ತದೆ. ಹೀಗೆ ತಿಂಗಳಿಗೆ 1,880ರಂತೆ ಎಂಟು ತಿಂಗಳಿಗೆ 15,040. 2024–25ಕ್ಕೆ ಘೋಷಿಸಿದ ಬಡ್ಡಿ ದರ ಶೇ 8.25. ದರ ವರ್ಷವರ್ಷ ಬದಲಾಗಬಹುದು, ಆದರೆ ಅದೇ ಉಳಿಯಿತು ಎಂದುಕೊಂಡರೆ ಹತ್ತು ವರ್ಷಕ್ಕೆ ಆ ಹಣ 33,000 ದಾಟುತ್ತದೆ. ಕೊಡುಗೆ ನಿಂತುಹೋದ ಖಾತೆಗೆ ಬಡ್ಡಿಯೂ ನಿಲ್ಲುತ್ತದೆ ಎಂಬ ಮಾತು ಹಳೆಯದು. 2016ರಿಂದೀಚೆಗೆ ಸದಸ್ಯರಿಗೆ 58 ವರ್ಷ ಆಗುವವರೆಗೂ ಬಡ್ಡಿ ಸೇರುತ್ತದೆ.

ಇದು ಚಿಲ್ಲರೆಯಲ್ಲ ಎಂಬುದನ್ನು ಬೆಂಗಳೂರಿನ ಹೆಣ್ಣುಮಕ್ಕಳು ದೇಶಕ್ಕೇ ಹೇಳಿದ್ದರು. 2016ರ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಕೆಲಸ ಬಿಟ್ಟವರು ತಮ್ಮ ಪಾಲನ್ನಷ್ಟೇ ತೆಗೆಯಬಹುದು, ಮಾಲೀಕರ ಪಾಲಿಗೆ 58 ತುಂಬುವವರೆಗೆ ಕಾಯಬೇಕು ಎಂಬುದು ಅದರ ತಿರುಳು. ದೆಹಲಿಯ ಮೇಜಿನ ಮೇಲೆ ಶೇ 3.67 ಎಂಬುದು ಸಣ್ಣ ಸಂಖ್ಯೆಯಾಗಿ ಕಂಡಿರಬಹುದು. ಏಪ್ರಿಲ್ 18ರಂದು ಹೊಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಮಿಕರು ಹೊಲಿಗೆ ಯಂತ್ರ ಬಿಟ್ಟು ಬೀದಿಗಿಳಿದರು. ಮರುದಿನ ಜಾಲಹಳ್ಳಿ ಕ್ರಾಸ್, ಪೀಣ್ಯ, ಹೆಬ್ಬಗೋಡಿ ಎಲ್ಲ ಕಡೆ ರಸ್ತೆ ತುಂಬಿತು. ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಪೊಲೀಸ್ ಠಾಣೆಯಲ್ಲಿದ್ದ ವಾಹನಗಳು ಸುಟ್ಟವು. ಆ ಹಿಂಸೆಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಯಾವ ದೊಡ್ಡ ಸಂಘಟನೆಯ ಕರೆಯೂ ಇಲ್ಲದೆ ಸಾವಿರಾರು ಮಹಿಳೆಯರು ಎದ್ದು ನಿಂತದ್ದು ಆ ಹಣ ಅವರಿಗೆ ಏನಾಗಿತ್ತು ಎಂಬುದನ್ನು ಹೇಳುತ್ತದೆ: ಮಗಳ ಮದುವೆ, ಊರಿನ ಸಾಲ, ಅಮ್ಮನ ಆಪರೇಷನ್. ಏಪ್ರಿಲ್ 19ರ ಸಂಜೆಯೊಳಗೆ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆ ಹಿಂತೆಗೆದುಕೊಂಡಿರುವುದಾಗಿ ಪ್ರಕಟಿಸಿದರು.

ತಪ್ಪು ಕಲ್ಪನೆ: ಕೆಲಸ ಬಿಟ್ಟ ಕೂಡಲೇ ಎಲ್ಲ ತೆಗೆದುಕೊಂಡುಬಿಡುವುದೇ ಜಾಣತನ

ಬಿಟ್ಟುಬಿಡುವುದು ಎಷ್ಟು ನಷ್ಟವೋ ಪ್ರತಿ ಸಲ ಪೂರ್ತಿ ಕಿತ್ತುಕೊಳ್ಳುವುದೂ ಅಷ್ಟೇ ನಷ್ಟ. ಪಿಎಫ್ ಜೊತೆಗಿನ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಆ ಹತ್ತು ವರ್ಷ ಒಂದೇ ಕಾರ್ಖಾನೆಯಲ್ಲಿ ಆಗಬೇಕೆಂದೇನಿಲ್ಲ. ಎಂಟು ತಿಂಗಳು ಇಲ್ಲಿ, ಎರಡು ವರ್ಷ ಅಲ್ಲಿ, ಮತ್ತೆ ಮೂರು ವರ್ಷ ಇನ್ನೊಂದೆಡೆ ಎಂದು ಕೂಡಿಸಬಹುದು. ಆದರೆ ಕೆಲಸ ಬಿಟ್ಟಾಗಲೆಲ್ಲ ಪಿಂಚಣಿಯ ಹಣವನ್ನೂ ವಾಪಸ್ ಪಡೆದರೆ ಆ ಸೇವಾ ಅವಧಿ ಅಳಿಸಿಹೋಗುತ್ತದೆ, ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ವರ್ಗಾವಣೆ ಮಾಡಿಸಿಕೊಂಡರೆ ಸೇವೆ ಉಳಿಯುತ್ತದೆ.

ಸೂತ್ರ ಸರಳ: ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 12,000 ವೇತನಕ್ಕೆ ಹತ್ತು ವರ್ಷವಾದರೆ ತಿಂಗಳಿಗೆ 1,714 ರೂಪಾಯಿ. ಸಣ್ಣದೇ, ನಾಚಿಕೆಯಾಗುವಷ್ಟು ಸಣ್ಣದು. ಇದನ್ನು ಹೆಚ್ಚಿಸಬೇಕೆಂಬ ಬೇಡಿಕೆ ನ್ಯಾಯವಾದದ್ದು. ಆದರೂ ಅರವತ್ತು ದಾಟಿ, ಹೊಲಿಗೆ ಯಂತ್ರದ ಮುಂದೆ ಕೂರಲು ಬೆನ್ನು ಒಪ್ಪದ ಕಾಲಕ್ಕೆ ತಿಂಗಳಿಗೊಮ್ಮೆ ತಪ್ಪದೆ ಬರುವ ಹಣ ಅದು. ಒಂಬತ್ತು ವರ್ಷಕ್ಕೆ ನಿಂತವರಿಗೆ ಅದೂ ಇಲ್ಲ.

ತೆರಿಗೆಯೂ ಇದೆ. ಐದು ವರ್ಷದ ಸೇವೆ ಆಗುವ ಮೊದಲೇ 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಪಿಎಫ್ ತೆಗೆದರೆ, ಪ್ಯಾನ್ ಕೊಟ್ಟಿದ್ದರೂ ಸಾಮಾನ್ಯವಾಗಿ ಶೇ 10 ಟಿಡಿಎಸ್ ಕಡಿತವಾಗುತ್ತದೆ. ವರ್ಗಾಯಿಸಿಕೊಂಡಿದ್ದರೆ ಹಿಂದಿನ ಕಂಪನಿಯ ಅವಧಿಯೂ ಆ ಐದು ವರ್ಷಕ್ಕೆ ಸೇರುತ್ತದೆ.

ತಪ್ಪು ಕಲ್ಪನೆ: ಹಳೆ ಕಂಪನಿ ಮುಚ್ಚಿದೆ, ಹಾಗಾಗಿ ಏಜೆಂಟನನ್ನೇ ಹಿಡಿಯಬೇಕು

ತೊಡಕು ಬರುವುದು ಬಹುಪಾಲು ಹೆಸರಿನಲ್ಲಿ. ನಮ್ಮ ಕಡೆ ಇನಿಷಿಯಲ್ ಎಂದರೆ ಒಮ್ಮೆ ಊರು, ಒಮ್ಮೆ ಅಪ್ಪ, ಮದುವೆಯಾದ ಮೇಲೆ ಗಂಡ. ಲಕ್ಷ್ಮಮ್ಮ ಎಂಬ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬ ಗುಮಾಸ್ತ ಒಂದೊಂದು ರೀತಿ ಬರೆಯುತ್ತಾನೆ. ಆಧಾರ್‌ನಲ್ಲಿ ಒಂದು, ಪಿಎಫ್ ದಾಖಲೆಯಲ್ಲಿ ಇನ್ನೊಂದು ಇದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಇದಕ್ಕೆ ಸದಸ್ಯರೂ ಮಾಲೀಕರೂ ಸೇರಿ ಕೊಡುವ ಜಂಟಿ ಘೋಷಣೆ ಎಂಬ ದಾರಿ ಇದೆ. ಕಂಪನಿ ಮುಚ್ಚಿದ್ದರೆ ಮಾಲೀಕರ ಸಹಿಯ ಬದಲು ಬೇರೆ ಅಧಿಕೃತರ ದೃಢೀಕರಣ ಪಡೆಯುವ ಅವಕಾಶವೂ ಇದೆ. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ನಮೂದಿಸದಿದ್ದರೆ, ಕೊನೆಯ ಕೊಡುಗೆಯಾಗಿ ಎರಡು ತಿಂಗಳು ಕಳೆದ ಮೇಲೆ ಸದಸ್ಯರೇ ಅದನ್ನು ಆನ್‌ಲೈನ್‌ನಲ್ಲಿ ತುಂಬಬಹುದು. 2014ರಲ್ಲಿ ಯುಎಎನ್ ಎಂಬ ಖಾಯಂ ಪಿಎಫ್ ಸಂಖ್ಯೆ ಬಂದ ಮೇಲೆ ಕಂಪನಿ ಎಷ್ಟೇ ಬದಲಾದರೂ ಸಂಖ್ಯೆ ಒಂದೇ ಇರಬೇಕು. ಎರಡು ಸಂಖ್ಯೆ ಹುಟ್ಟಿಕೊಂಡಿದ್ದರೆ ಮೊದಲು ಅವನ್ನು ಒಂದು ಮಾಡಿಸಬೇಕು.

ಪೀಣ್ಯ, ಬೊಮ್ಮಸಂದ್ರ, ಕೆ.ಆರ್. ಪುರ ಮೂರರಲ್ಲೂ ಪಿಎಫ್ ಪ್ರಾದೇಶಿಕ ಕಚೇರಿಗಳಿವೆ. ಪ್ರತಿ ತಿಂಗಳ 27ರಂದು ‘ನಿಧಿ ಆಪ್ಕೆ ನಿಕಟ್’ ಎಂಬ ಶಿಬಿರ ನಡೆಯುತ್ತದೆ. ಅರ್ಜಿಗೆ ಶುಲ್ಕವಿಲ್ಲ. ಇಷ್ಟು ಪರ್ಸೆಂಟ್ ಕೊಡಿ, ಒಟಿಪಿ ಹೇಳಿ ಸಾಕು ಎನ್ನುವವರ ಕೈಗೆ ಫೋನ್ ಕೊಡುವುದು ಖಾತೆಯ ಬೀಗದ ಕೈಯನ್ನೇ ಕೊಟ್ಟಂತೆ.

ತಪ್ಪು ಕಲ್ಪನೆ: ಡಿಸೆಂಬರ್ ಸಂಬಳದಲ್ಲಿ ಕಡಿಯುವ ಪುಡಿಗಾಸು ಎಲ್ಲೋ ಹೋಯಿತು

ಅದು ಎಲ್ಲೂ ಹೋಗಿಲ್ಲ, ಕೇಳುವವರಿಗಾಗಿ ಕಾದಿದೆ. 1965ರ ಕರ್ನಾಟಕ ಕಾರ್ಮಿಕ ಕಲ್ಯಾಣ ನಿಧಿ ಕಾಯ್ದೆಯಡಿ ವರ್ಷಕ್ಕೊಮ್ಮೆ ಕಾರ್ಮಿಕರಿಂದ 20, ಮಾಲೀಕರಿಂದ 40, ಸರ್ಕಾರದಿಂದ 20 ರೂಪಾಯಿ ಸೇರುತ್ತಿತ್ತು. ಈಚಿನ ತಿದ್ದುಪಡಿ ಅದನ್ನು 50, 100, 50ಕ್ಕೆ ಏರಿಸಿತು. ತಲೆಗೆ ಇಷ್ಟೇ ಆದರೂ ಇಡೀ ರಾಜ್ಯದ ಕಾರ್ಖಾನೆಗಳಿಂದ ಒಂದೇ ಕಡೆ ಹರಿದು ಬರುವುದರಿಂದ ಅದು ನಿಧಿಯಾಗುತ್ತದೆ. ಆ ನಿಧಿಯಿಂದ ಕಾರ್ಮಿಕರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನ, ವೈದ್ಯಕೀಯ ನೆರವು, ಅಂತ್ಯಕ್ರಿಯೆಗೆ ಸಹಾಯ ಸಿಗುತ್ತದೆ. ಇದನ್ನು ಹೇಳಿಕೊಡುವವರು ಕಾರ್ಖಾನೆಗಳಲ್ಲಿ ಕಡಿಮೆ. ಮಕ್ಕಳು ಶಾಲೆ ಕಾಲೇಜಿನಲ್ಲಿದ್ದರೆ ಅರ್ಜಿ ಯಾವಾಗ ಎಂದು ಎಚ್.ಆರ್. ವಿಭಾಗವನ್ನು ಕೇಳಿ. ಸಂಕೋಚ ಬೇಡ. ಅದು ದಾನವಲ್ಲ, ನಿಮ್ಮ ಸಂಬಳದಿಂದಲೂ ಹೋದ ಹಣ.

ತಪ್ಪು ಕಲ್ಪನೆ: ಮರೆತ ಸಂಬಳದ ಖಾತೆಯನ್ನು ಬ್ಯಾಂಕು ನುಂಗಿಹಾಕಿರುತ್ತದೆ

ಸಂಬಳ ಬರುವುದು ನಿಂತ ಕೆಲವು ತಿಂಗಳಿಗೆ ಅದು ಸಾಮಾನ್ಯ ಉಳಿತಾಯ ಖಾತೆಯಾಗಿ, ಕನಿಷ್ಠ ಮೊತ್ತವಿಲ್ಲ ಎಂದು ದಂಡ ಕಡಿಯಲು ಶುರುವಾಗುವುದು ನಿಜ. ಆದರೆ ಆ ದಂಡದಿಂದ ಖಾತೆ ಸೊನ್ನೆಗಿಂತ ಕೆಳಗೆ ಇಳಿಯಬಾರದು ಎಂಬ ರಿಸರ್ವ್ ಬ್ಯಾಂಕ್ ನಿಯಮ 2015ರಿಂದ ಇದೆ. ಎರಡು ವರ್ಷ ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಈ ದಂಡ ಹಾಕುವಂತಿಲ್ಲ ಎಂಬ ನಿಯಮವೂ ಇದೆ. ಹತ್ತು ವರ್ಷ ಕೇಳದೆ ಬಿಟ್ಟ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ, ಆದರೂ ಹಕ್ಕು ಹೋಗುವುದಿಲ್ಲ. 2023ರ ಆಗಸ್ಟ್‌ನಲ್ಲಿ ಬಂದ ‘ಉದ್ಗಮ್’ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ತೀರಿಕೊಂಡ ಹಿರಿಯರ ಹೆಸರನ್ನೂ ಒಮ್ಮೆ ಹಾಕಿ ನೋಡಿ.

ತಪ್ಪು ಕಲ್ಪನೆ: ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲ

ನಡೆಯುತ್ತದೆ. ಹತ್ತರ ನಾಣ್ಯದ 14 ವಿನ್ಯಾಸಗಳೂ ಮಾನ್ಯ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆ. ಐವತ್ತು ಪೈಸೆಯೂ ಕಾನೂನಿನಲ್ಲಿ ಜೀವಂತ. 2011ರ ಜೂನ್ 30ಕ್ಕೆ ಚಲಾವಣೆ ಕಳೆದುಕೊಂಡದ್ದು 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು.

ತಪ್ಪು ಕಲ್ಪನೆ: ಇವತ್ತಿನ ನಾಲ್ಕು ಸತೋಶಿ ನಾಳೆ ಕೋಟಿಯಾಗುತ್ತದೆ

ಈ ನಂಬಿಕೆಯ ಹಿಂದೆ ಒಂದು ನಿಜವಾದ ಘಟನೆ ಇದೆ. 2010ರಲ್ಲಿ ಗ್ಯಾವಿನ್ ಆ್ಯಂಡ್ರೆಸನ್ ಎಂಬ ಪ್ರೋಗ್ರಾಮರ್ ಬಂದವರಿಗೆಲ್ಲ ಐದೈದು ಬಿಟ್‌ಕಾಯಿನ್ ಪುಕ್ಕಟೆ ಹಂಚಿದ. ಒಟ್ಟು ಹಂಚಿದ್ದು ಸುಮಾರು 19,700. ಆಗ ಒಂದರ ಬೆಲೆ ಪೈಸೆಗಳಲ್ಲಿತ್ತು. ಇವತ್ತಿಗೂ ಪುಕ್ಕಟೆ ಹಂಚುವ ಆ್ಯಪ್‌ಗಳಿವೆ, ಆದರೆ ಅವು ಕೊಡುವುದು ನಾಣ್ಯದ ಲೆಕ್ಕದಲ್ಲಲ್ಲ. ನೀವು ನೋಡುವ ಜಾಹೀರಾತಿನಿಂದ ಅವರಿಗೆ ಸಿಗುವ ಆದಾಯದ ಒಂದು ಚೂರನ್ನು ಸತೋಶಿಗೆ, ಅಂದರೆ ಬಿಟ್‌ಕಾಯಿನ್‌ನ ಅತಿ ಸಣ್ಣ ಪಾಲಿಗೆ, ತಿರುಗಿಸಿ ಕೊಡುತ್ತಾರೆ. ನಾಣ್ಯದ ಬೆಲೆ ಏರಿದಂತೆ ಕೈಗೆ ಬರುವ ಸಂಖ್ಯೆ ಇಳಿಯುತ್ತದೆ.

ಇನ್ನು ತೆಗೆಯುವ ಖರ್ಚು. ಒಂದು ಬಿಟ್‌ಕಾಯಿನ್ ಎಂದರೆ ಹತ್ತು ಕೋಟಿ ಸತೋಶಿ. ಬಿಟ್‌ಕಾಯಿನ್‌ಗೆ ಒಂದು ಕೋಟಿ ರೂಪಾಯಿ ಎಂದು ಸುಲಭ ಲೆಕ್ಕಕ್ಕೆ ಹಿಡಿದರೆ ಒಂದು ಸತೋಶಿಗೆ ಹತ್ತು ಪೈಸೆ. ಬಿಟ್‌ಕಾಯಿನ್ ಜಾಲದಲ್ಲಿ ವರ್ಗಾವಣೆಯ ಶುಲ್ಕ ಮೊತ್ತಕ್ಕೆ ತಕ್ಕಂತೆ ಇರುವುದಿಲ್ಲ, ದಾಖಲೆ ಎಷ್ಟು ಬೈಟ್ ಜಾಗ ಹಿಡಿಯುತ್ತದೆ ಎಂಬುದಕ್ಕೆ ತಕ್ಕಂತೆ ಇರುತ್ತದೆ. ಕೋಟಿ ರೂಪಾಯಿಯ ಒಂದು ತುಣುಕಿಗೂ ನೂರು ರೂಪಾಯಿಯ ಒಂದು ತುಣುಕಿಗೂ ಜಾಗ ಅಷ್ಟೇ. ಹೊಸ ಮಾದರಿಯ ವಿಳಾಸದಲ್ಲಿರುವ ಒಂದು ತುಣುಕನ್ನು ಖರ್ಚು ಮಾಡಲು ಸುಮಾರು 68 ಬೈಟ್ ಬೇಕು. ಜಾಲ ಬಿಡುವಾಗಿದ್ದು ಬೈಟಿಗೆ ಎರಡು ಸತೋಶಿ ಶುಲ್ಕವಿದ್ದರೆ 136 ಸತೋಶಿ, ಹದಿಮೂರೂವರೆ ರೂಪಾಯಿ. ದಟ್ಟಣೆಯಿದ್ದು 50 ಸತೋಶಿ ಆದರೆ 3,400 ಸತೋಶಿ, 340 ರೂಪಾಯಿ. ಆ ದಿನ ಮುನ್ನೂರು ರೂಪಾಯಿಯ ತುಣುಕು ಮೌಲ್ಯವಿದ್ದೂ ಖರ್ಚು ಮಾಡಲಾಗದ ಹಣ. ಒಂದು ಮಿತಿಗಿಂತ ಸಣ್ಣದನ್ನು ಜಾಲದ ಕಂಪ್ಯೂಟರ್‌ಗಳು ಮುಂದೆ ರವಾನಿಸುವುದೇ ಇಲ್ಲ. ಹಳೆ ಮಾದರಿಯ ವಿಳಾಸಕ್ಕೆ ಆ ಮಿತಿ 546 ಸತೋಶಿ. ಅದಕ್ಕಿಂತ ಕೆಳಗಿನದನ್ನು ಆ ಲೋಕದವರು ಡಸ್ಟ್ ಎನ್ನುತ್ತಾರೆ.

ಹಾಗೆಂದು ಇರುವುದನ್ನೆಲ್ಲ ಬಿಸಾಡಬೇಕಿಲ್ಲ. ಸ್ವಂತ ವಾಲೆಟ್‌ನಲ್ಲಿ ಹಲವು ತುಣುಕುಗಳಿದ್ದರೆ ಶುಲ್ಕ ಇಳಿದ ದಿನ ಅವನ್ನು ಒಂದಾಗಿಸಿಕೊಳ್ಳಬಹುದು. ಅದು ಬುದ್ಧಿವಂತರ ಕೆಲಸ. ಹೊಸದಾಗಿ ಚೂರು ಹೆಕ್ಕಲು ದಿನದ ಒಂದು ಗಂಟೆ ಕೊಡುವುದು ಬೇರೆ. ಮೇಲೆ ಹೇಳಿದ 12,000 ಸಂಬಳದವರ ಒಂದು ಗಂಟೆಯ ಕೂಲಿ, ತಿಂಗಳಿಗೆ 26 ದಿನ, ದಿನಕ್ಕೆ ಎಂಟು ಗಂಟೆ ಎಂದು ಹಿಡಿದರೆ, 57 ರೂಪಾಯಿ ಮೀರುತ್ತದೆ. ಓವರ್‌ಟೈಮ್‌ಗೆ ಕಾನೂನು ಹೇಳುವುದು ಅದರ ಎರಡು ಪಟ್ಟು. ‘ಹ್ಯಾಮ್‌ಸ್ಟರ್ ಕೊಂಬ್ಯಾಟ್’ ಎಂಬ ಒತ್ತುವ ಆಟ 2024ರಲ್ಲಿ ಜಗತ್ತನ್ನೇ ಹಿಡಿದಿತ್ತು. ಅದೇ ವರ್ಷ ಸೆಪ್ಟೆಂಬರ್ 26ರಂದು ಟೋಕನ್ ಹಂಚಿದಾಗ ತಿಂಗಳುಗಟ್ಟಲೆ ಒತ್ತಿದವರಲ್ಲಿ ಬಹಳ ಮಂದಿಗೆ ಸಿಕ್ಕಿದ್ದು ಕೆಲವೇ ಡಾಲರ್.

ತಪ್ಪು ಕಲ್ಪನೆ: ನೂರಿನ್ನೂರು ರೂಪಾಯಿ ಕ್ರಿಪ್ಟೊಗೆ ತೆರಿಗೆಯಿಲ್ಲ

ಇದೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಮೇಲೆ ಸೆಸ್. ಇಷ್ಟರವರೆಗೆ ವಿನಾಯಿತಿ ಎಂಬ ಕನಿಷ್ಠ ಮಿತಿ ಅದಕ್ಕಿಲ್ಲ. ಕೊಂಡ ಬೆಲೆಯನ್ನಷ್ಟೇ ಕಳೆಯಬಹುದು. ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ. ಒಂದು ನಾಣ್ಯವನ್ನು ಇನ್ನೊಂದಕ್ಕೆ ಬದಲಿಸಿಕೊಂಡರೂ ಅದು ಮಾರಾಟವೇ. ವೈಟ್‌ಫೀಲ್ಡಿನ ಉದ್ಯೋಗಿ ಸರಳವಾದ ಐಟಿಆರ್–1 ತುಂಬುತ್ತಿದ್ದರೆ, ಇನ್ನೂರು ರೂಪಾಯಿ ಕ್ರಿಪ್ಟೊ ಲಾಭಕ್ಕೂ ಆ ನಮೂನೆ ಬಿಟ್ಟು ಐಟಿಆರ್–2ಕ್ಕೆ ಹೋಗಿ ಪ್ರತಿ ವ್ಯವಹಾರವನ್ನೂ ನಮೂದಿಸಬೇಕು. ಲೆಕ್ಕಪರಿಶೋಧಕರ ಬಳಿ ಹೋದರೆ ಅವರ ಶುಲ್ಕವೇ ಲಾಭವನ್ನು ಮೀರುತ್ತದೆ.

ತಪ್ಪು ಕಲ್ಪನೆ: ನಮ್ಮದು ಸಣ್ಣ ಮೊತ್ತ, ನಮ್ಮ ಮೇಲೆ ಯಾರು ಕಣ್ಣು ಹಾಕುತ್ತಾರೆ?

ದೊಡ್ಡ ಕಳ್ಳತನದ ಮೊದಲ ಹೆಜ್ಜೆ ಎಷ್ಟೋ ಸಲ ಸಣ್ಣ ಮೊತ್ತವೇ. 2025ರ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್ ಕ್ರಿಪ್ಟೊ ಸಂಸ್ಥೆಯಿಂದ ಸುಮಾರು 4.4 ಕೋಟಿ ಡಾಲರ್ ಕಳುವಾಯಿತು. ಪೊಲೀಸರಿಗೆ ಕೊಟ್ಟ ದೂರಿನ ಪ್ರಕಾರ, ನಸುಕಿನಲ್ಲಿ ಮೊದಲು ಹೋದದ್ದು ಒಂದೇ ಒಂದು ಯುಎಸ್‌ಡಿಟಿ, ಹೆಚ್ಚುಕಡಿಮೆ ಒಂದು ಡಾಲರ್. ದಾರಿ ತೆರೆದಿದೆಯೇ ಎಂದು ನೋಡಿದ್ದು ಅದು. ಉಳಿದದ್ದೆಲ್ಲ ಬೆಳಿಗ್ಗೆ ಹೋಯಿತು. ತನಿಖೆ ಬೆಂಗಳೂರಿನ ವೈಟ್‌ಫೀಲ್ಡ್ ಸೈಬರ್ ಅಪರಾಧ ಠಾಣೆಗೆ ಬಂತು. ಉದ್ಯೋಗಿಯೊಬ್ಬರು ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಹೊರಗಿನವರ ಪಾರ್ಟ್‌ಟೈಮ್ ಕೆಲಸ ಮಾಡುತ್ತಿದ್ದರು, ಆ ಮೂಲಕವೇ ಒಳನುಸುಳಿದ ಶಂಕೆಯಿದೆ ಎಂದು ಪೊಲೀಸರು ಹೇಳಿದರು. ಗ್ರಾಹಕರ ಹಣಕ್ಕೆ ತೊಂದರೆಯಿಲ್ಲ, ನಷ್ಟವನ್ನು ತಾನೇ ಭರಿಸುವುದಾಗಿ ಸಂಸ್ಥೆ ಹೇಳಿತು. ಅದಕ್ಕೆ ಒಂದು ವರ್ಷ ಮೊದಲು, 2024ರ ಜುಲೈನಲ್ಲಿ, ವಜೀರ್‌ಎಕ್ಸ್ ಎಂಬ ಇನ್ನೊಂದು ಕ್ರಿಪ್ಟೊ ಸಂಸ್ಥೆಯಿಂದ ಸುಮಾರು 23 ಕೋಟಿ ಡಾಲರ್ ಹೋದಾಗ ಗ್ರಾಹಕರ ಕ್ರಿಪ್ಟೊ, ಚೂರುಪಾರು ಇಟ್ಟವರದ್ದೂ ಸೇರಿ, ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಬಿತ್ತು.

ಕೇಳದೆಯೇ ವಾಲೆಟ್‌ಗೆ ಬಂದು ಬೀಳುವ ಅಪರಿಚಿತ ಟೋಕನ್ ಕೂಡ ಇದೇ ಜಾತಿ. ಕೆಲವನ್ನು ನಿಮ್ಮ ವಿಳಾಸಗಳ ನಂಟು ಪತ್ತೆಹಚ್ಚಲು ಕಳಿಸುತ್ತಾರೆ. ಇನ್ನು ಕೆಲವಕ್ಕೆ ‘ಇಲ್ಲಿ ಹೋಗಿ ಪಡೆದುಕೊಳ್ಳಿ’ ಎಂಬ ಕೊಂಡಿ ಇರುತ್ತದೆ. ಅಲ್ಲಿ ಒಪ್ಪಿಗೆ ಒತ್ತಿದರೆ ನಿಮ್ಮ ಉಳಿದ ನಾಣ್ಯ ಖಾಲಿ. ಮುಟ್ಟದೆ ಬಿಡಿ, ಮಾರಲೂ ಹೋಗಬೇಡಿ.

ತಪ್ಪು ಕಲ್ಪನೆ: ₹150 ನಿಜವಾಗಿಯೂ ಖಾತೆಗೆ ಬಂತಲ್ಲ, ಹಾಗಾದರೆ ಕೆಲಸ ನಿಜ

ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಇದು. ಟೆಲಿಗ್ರಾಂನಲ್ಲಿ ಹೋಟೆಲಿಗೆ ರೇಟಿಂಗ್ ಕೊಡಿ, ವಿಡಿಯೊಗೆ ಲೈಕ್ ಒತ್ತಿ ಎನ್ನುತ್ತಾರೆ. ಮೊದಲ ದಿನ 150, ಮರುದಿನ 300 ನಿಜವಾಗಿ ಬರುತ್ತದೆ. ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’: ಸಾವಿರ ಹಾಕಿ, ಸಾವಿರದ ಮುನ್ನೂರು ಪಡೆಯಿರಿ. ಗುಂಪಿನಲ್ಲಿರುವ ಇತರರೆಲ್ಲ ಲಾಭದ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಅವರೂ ವಂಚಕರೇ. ಪರದೆಯ ಮೇಲೆ ಲಕ್ಷಗಳು ಕಾಣುತ್ತವೆ, ತೆಗೆಯಲು ಹೋದರೆ ತೆರಿಗೆ ಕಟ್ಟಿ, ಖಾತೆ ಬಿಡಿಸಿ ಎಂದು ಮತ್ತೆ ಮತ್ತೆ ಕೇಳುತ್ತಾರೆ. ಹಣ ಕ್ರಿಪ್ಟೊ ಆಗಿ ದೇಶ ದಾಟುತ್ತದೆ. ಇದಕ್ಕೆ ಬೀಳುವವರಲ್ಲಿ ಓದಿದವರು, ಒಳ್ಳೆಯ ಸಂಬಳದವರು ಧಾರಾಳವಾಗಿದ್ದಾರೆ. ಮೊದಲು ಬಂದ ಆ 150 ರೂಪಾಯಿ ನಿಮ್ಮ ದುಡಿಮೆಯ ಫಲವಾಗಿರದೆ ಅವರು ಹೂಡಿದ ಬಂಡವಾಳವಾಗಿರುತ್ತದೆ.

ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಒಮ್ಮೆ ಹೋಯಿತು ಎಂದು ತಿಳಿದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವಹಿವಾಟಿನ ಸಂಖ್ಯೆ, ಸಮಯ, ಬ್ಯಾಂಕಿನ ಹೆಸರು ಹೇಳಿ. ದೂರು ಎಷ್ಟು ಬೇಗ ಹೋದರೆ ಆ ಹಣವನ್ನು ಮುಂದಿನ ಖಾತೆಯಲ್ಲಿ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಹೋದದ್ದು ಐನೂರೇ ಆಗಿದ್ದರೂ ದೂರು ಕೊಡಿ. ನಿಮ್ಮ ಐನೂರು ಹೋದ ಖಾತೆಗೇ ಇನ್ನೊಬ್ಬರ ಐದು ಲಕ್ಷವೂ ಹೋಗಿರಬಹುದು. ಅಂಥ ದೂರುಗಳು ಒಂದೇ ಕಡೆ ಸೇರಿದಾಗಲೇ ಆ ಖಾತೆ ಯಾರದೆಂದು ಪೊಲೀಸರಿಗೆ ತಿಳಿಯುವುದು.